ಲಾಳಿ ನೆನಪಿದೆ, ಮುಂಜಾನೆಯ ಚಹಾ ನೆನಪಿಲ್ಲ: ಮೆದುಳುಜ್ವರದ ನಂತರದ ಒಂದು ಮರೆವಿನ ಪ್ರಕರಣ

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯ ಒಂದು ನೇಕಾರರ ಊರು. 46 ವರ್ಷದ ಗಂಡಸು. ಇಲ್ಲಿ ಅವರನ್ನು ಮಲ್ಲಪ್ಪ ಎಂದು ಕರೆದಿದೆ. ಅದು ಅವರ ಹೆಸರಲ್ಲ, ಗುರುತು ಹತ್ತಬಹುದಾದ ಬೇರೆ ವಿವರಗಳನ್ನೂ ಬದಲಿಸಿದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ತಂದೆಯ ಜೊತೆ ಕುಣಿಮಗ್ಗಕ್ಕೆ ಇಳಿದವರು, ಮೂವತ್ತು ವರ್ಷಕ್ಕೂ ಮಿಕ್ಕಿ ಇಳಕಲ್ ಸೀರೆ ನೇಯ್ದವರು. ಮನೆಯಲ್ಲಿ ತಾಯಿ, ಹೆಂಡತಿ, ಕಾಲೇಜು ಓದುವ ಮಗಳು, ಹೈಸ್ಕೂಲಿನ ಮಗ. ಪಕ್ಕದ ಮನೆಯಲ್ಲಿ ತಮ್ಮ, ಅವರದೂ ಮಗ್ಗವೇ. ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ಮಲ್ಲಪ್ಪನವರಿಗೆ ಬಿಪಿ, ಶುಗರ್, ಕುಡಿತ ಯಾವುದೂ ಇರಲಿಲ್ಲ.

ಅವರ ಕೆಲಸದ ಬಗ್ಗೆ ಮೊದಲೇ ಎರಡು ಮಾತು ಹೇಳಬೇಕು. ಮುಂದೆ ಚಿಕಿತ್ಸೆಗೆ ಹಿಡಿತ ಸಿಕ್ಕಿದ್ದು ಅಲ್ಲಿಯೇ. ಇಳಕಲ್ ಸೀರೆಯ ಒಡಲಿನ ಹಾಸು (ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ರೇಷ್ಮೆ ಎಳೆಯನ್ನು ಕುಣಿಕೆ ಹಾಕಿ ಸೇರಿಸುತ್ತಾರೆ. ಈ ಸೇರಿಕೆಯೇ ತೋಪತೆನಿ. ಸಾಂಪ್ರದಾಯಿಕ ಸೆರಗಿನಲ್ಲಿ ಮೂರು ಕೆಂಪು ಪಟ್ಟಿ, ಅವುಗಳ ನಡುವೆ ಎರಡು ಬಿಳಿ ಪಟ್ಟಿ. ನೇಯ್ದ ಬಟ್ಟೆ ಮುಂದಿನ ದುಂಡುಮರಕ್ಕೆ ಸುತ್ತಿಕೊಳ್ಳುತ್ತ ಹೋಗುವುದರಿಂದ ನೇಕಾರನ ಕಣ್ಣೆದುರಿಗೆ ಉಳಿಯುವುದು ಗೇಣೆರಡು ಗೇಣು ಮಾತ್ರ. ಎಷ್ಟು ಪಟ್ಟಿ ಆಯಿತು, ಮುಂದೆ ಯಾವ ಬಣ್ಣ ಎಂಬುದು ತಲೆಯಲ್ಲಿರಬೇಕು.

ಮೊದಲ ಹತ್ತು ದಿನ

ಮೊದಲ ದಿನ ಜ್ವರ, ತಲೆನೋವು. ಎರಡನೇ ದಿನ ಮಾತು ತಪ್ಪತೊಡಗಿತು. ಒಲೆ ಆರಿದ್ದರೂ "ಏನೋ ಸುಟ್ಟ ವಾಸನಿ ಬರಾಕತ್ತೈತಿ" ಎಂದು ಮನೆಯೆಲ್ಲ ಹುಡುಕಿದರು. ಮಗನನ್ನು ತಮ್ಮನ ಹೆಸರಿನಿಂದ ಕರೆದರು. ಮನೆಯವರು ಗಾಳಿ ಸೋಕಿರಬಹುದೆಂದು ದಾರ ಕಟ್ಟಿಸಿದರು, ಊರಿನ ವೈದ್ಯರಲ್ಲಿ ಜ್ವರದ ಗುಳಿಗೆಯನ್ನೂ ತಂದರು. ಒಂದು ದಿನಕ್ಕಿಂತ ಹೆಚ್ಚು ತಡ ಮಾಡಲಿಲ್ಲ ಎಂಬುದು ಮುಖ್ಯ. ಜ್ವರದ ಜೊತೆ ನಡತೆ ಬದಲಾದರೆ, ಇಲ್ಲದ ವಾಸನೆ ಬಂದರೆ, ಅದು ತಲೆಗೇರಿದ ಜ್ವರವೆಂದು ಬಿಡುವಂಥದ್ದಲ್ಲ. ವಾಸನೆ, ಭಾವನೆ, ನೆನಪು ಮೂರೂ ಕಿವಿಯ ನೇರಕ್ಕೆ ಒಳಗಿರುವ ಮೆದುಳಿನ ಭಾಗವಾದ ಟೆಂಪೊರಲ್ ಹಾಲೆಯ ಒಳಮೈಯಲ್ಲಿ ಅಕ್ಕಪಕ್ಕದ ಮನೆಗಳು. ಸುಟ್ಟ ವಾಸನೆ ಆ ಓಣಿಯಲ್ಲಿ ಏನೋ ಕೆಟ್ಟಿದೆ ಎಂಬುದರ ಮೊದಲ ಸುದ್ದಿ.

ಮೂರನೇ ದಿನ ಒಂದು ಆಸ್ಪತ್ರೆಗೆ ಸೇರಿಸಿದರು. ತಲೆಯ ಸಿಟಿ ಸ್ಕ್ಯಾನ್ ಸರಿಯಾಗಿಯೇ ಇತ್ತು. ಈ ಕಾಯಿಲೆಯಲ್ಲಿ ಮೊದಲ ದಿನಗಳಲ್ಲಿ ಸಿಟಿ ಸರಿ ಕಾಣುವುದು ಹೊಸದಲ್ಲ. ಬೆನ್ನುನೀರು (ಮೆದುಳು, ಬೆನ್ನುಹುರಿಯ ಸುತ್ತಲಿನ ದ್ರವ) ತೆಗೆದರು: ಬಿಳಿಕಣ 40, ಹೆಚ್ಚಿನವು ಲಿಂಫೋಸೈಟ್, ಸಕ್ಕರೆ ಅಂಶ ಸಹಜ. ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಸಂಶಯದಿಂದ ಅದರ ಔಷಧ ಅಸೈಕ್ಲೊವಿರ್ ಶುರುವಾಯಿತು. ಇಲ್ಲಿಯವರೆಗೆ ಎಲ್ಲ ನಿರ್ಧಾರವೂ ಸರಿ. ತುಟಿಯ ಅಂಚಿಗೆ ಜ್ವರದ ಗುಳ್ಳೆ ಏಳಿಸುವ ವೈರಸ್ಸೇ ಅಪರೂಪಕ್ಕೆ ಮೆದುಳಿಗೆ ಹೊಕ್ಕು ಟೆಂಪೊರಲ್ ಹಾಲೆಯನ್ನು ಸುಡುತ್ತದೆ. ಚಿಕಿತ್ಸೆ ಸಿಗದಿದ್ದರೆ ನೂರಕ್ಕೆ ಎಪ್ಪತ್ತರಷ್ಟು ಜನ ಸಾಯುತ್ತಾರೆ. ಅದಕ್ಕೇ ವರದಿ ಬರುವ ಮೊದಲೇ ಔಷಧ ಕೊಡುವುದು ರೂಢಿ.

ಐದನೇ ದಿನ, ಬೆನ್ನುನೀರಿನಲ್ಲಿ ವೈರಸ್ಸಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಯ ವರದಿಯಲ್ಲಿ ವೈರಸ್ ಇಲ್ಲ ಎಂದು ಬಂತು. ಅಸೈಕ್ಲೊವಿರ್ ನಿಲ್ಲಿಸಿದರು. ಪ್ರಕರಣದ ಮೊದಲ ತಿರುವು ಇದು, ನಮ್ಮ ದೃಷ್ಟಿಯಲ್ಲಿ ತಪ್ಪಿದ ತಿರುವು. ಕಾಯಿಲೆ ಹತ್ತಿದ ಮೊದಲ 72 ಗಂಟೆಗಳಲ್ಲಿ ತೆಗೆದ ಬೆನ್ನುನೀರಿನಲ್ಲಿ ವೈರಸ್ಸಿನ ಡಿಎನ್‌ಎ ಸಿಗದೆ ಹೋಗಬಹುದು. ಬಿಳಿಕಣ ಏರಿದೆ, ರೋಗಿ ಗೊಂದಲದಲ್ಲಿದ್ದಾನೆ, ಬೇರೆ ಕಾರಣ ಸಿಕ್ಕಿಲ್ಲ ಎಂದಾದರೆ 'ಇಲ್ಲ' ಎಂಬ ಒಂದೇ ವರದಿಯ ಮೇಲೆ ಔಷಧ ನಿಲ್ಲಿಸಬಾರದು. ಎಂಆರ್‌ಐ ಮಾಡಿಸಿ, ಮೂರರಿಂದ ಏಳು ದಿನದೊಳಗೆ ಬೆನ್ನುನೀರನ್ನು ಮತ್ತೆ ಪರೀಕ್ಷಿಸಬೇಕು.

ಆರನೇ ದಿನದ ರಾತ್ರಿ ಫಿಟ್ಸ್ ಬಂತು. ಏಳನೇ ದಿನ ಬೇರೆ ಆಸ್ಪತ್ರೆಗೆ ಸಾಗಿಸಿದರು. ಎಂಆರ್‌ಐನಲ್ಲಿ ಎರಡೂ ಬದಿಯ ಟೆಂಪೊರಲ್ ಹಾಲೆಯ ಒಳಭಾಗ ಬೆಳ್ಳಗೆ ಉಬ್ಬಿತ್ತು, ಎಡಕ್ಕೆ ಹೆಚ್ಚು, ಬಲಕ್ಕೆ ಸ್ವಲ್ಪ ಕಡಿಮೆ. ಹಣೆಯ ಹಿಂದಿನ ಮುಂಗಡೆ ಹಾಲೆಯ ತಳವೂ ತಟ್ಟಿಸಿಕೊಂಡಿತ್ತು. ಎರಡನೇ ಪಿಸಿಆರ್‌ನಲ್ಲಿ ವೈರಸ್ ಸಿಕ್ಕಿತು. ಅಸೈಕ್ಲೊವಿರ್ ಮತ್ತೆ ಶುರು: ತೂಕ 58 ಕೆಜಿ, ಕೆಜಿಗೆ 10 ಮಿಗ್ರಾಂ ಲೆಕ್ಕದಲ್ಲಿ 580 ಮಿಗ್ರಾಂ, ಎಂಟು ಗಂಟೆಗೊಮ್ಮೆ, 100 ಎಂಎಲ್ ಸಲೈನ್‌ನಲ್ಲಿ ಬೆರೆಸಿ ಪೂರ್ತಿ ಒಂದು ಗಂಟೆ ಇಳಿಯುವಂತೆ, 21 ದಿನ. ಬೇಗ ಇಳಿಸಿದರೆ ಔಷಧ ಮೂತ್ರಪಿಂಡದ ನಳಿಕೆಗಳಲ್ಲಿ ಹರಳುಗಟ್ಟುತ್ತದೆ. ಇಷ್ಟು ಜಾಗರೂಕತೆಯಿದ್ದೂ ಔಷಧದ ನಾಲ್ಕನೇ ದಿನ ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ 0.8ರಿಂದ 1.7ಕ್ಕೆ ಏರಿತು. ಔಷಧ ನಿಲ್ಲಿಸಲಿಲ್ಲ, ಡೋಸಿನ ನಡುವಿನ ಅಂತರ ಹಿಗ್ಗಿಸಿ, ಸಲೈನ್ ಹೆಚ್ಚಿಸಿ, ದಿನಾ ರಕ್ತ ನೋಡಿದರು. ವಾರದಲ್ಲಿ ಇಳಿಯಿತು. ಫಿಟ್ಸಿಗೆ ಲೆವೆಟಿರಾಸಿಟಾಮ್ 500 ಮಿಗ್ರಾಂ ದಿನಕ್ಕೆ ಎರಡು ಸಲ.

ಆ ಎರಡು ದಿನ ಔಷಧ ನಿಲ್ಲದಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ಒಬ್ಬ ರೋಗಿಯನ್ನು ನೋಡಿ ಲೆಕ್ಕ ಹಾಕಲಾಗದು. ಆದರೆ ಈ ವೈರಸ್ಸಿಗೆ ಬಿಟ್ಟುಕೊಟ್ಟ ಪ್ರತಿ ದಿನವೂ ತುಟ್ಟಿಯದು.

ಏನು ಹೋಗಿತ್ತು, ಏನು ಉಳಿದಿತ್ತು

ಮನೆಗೆ ಹೋಗುವ ಹೊತ್ತಿಗೆ ಮಲ್ಲಪ್ಪ ನಡೆಯುತ್ತಿದ್ದರು, ಉಣ್ಣುತ್ತಿದ್ದರು, ಮಾತು ನೆಟ್ಟಗಿತ್ತು. ಬಂದವರಿಗೆ "ಬರ್ರಿ, ಕೂಡ್ರಿ, ಚಾ ತಗೋರಿ" ಎನ್ನುತ್ತಿದ್ದರು. ಎದ್ದು ಹೋಗಿ ಹತ್ತು ನಿಮಿಷಕ್ಕೆ ತಿರುಗಿ ಬಂದರೆ ಮತ್ತೆ ಅದೇ: "ಬರ್ರಿ, ಯಾವಾಗ ಬಂದ್ರಿ?" ಮನೆಯವರಿಗೆ ಆಸ್ಪತ್ರೆಯಲ್ಲಿ ನೆನಪು ಹೋಗಿದೆ ಎಂದು ಹೇಳಿದ್ದರು. ಆದರೆ ಹೆಂಡತಿ, ಮಕ್ಕಳ ಹೆಸರು, ಮದುವೆಯ ದಿನದ ಮಳೆ, ಚಿಕ್ಕಂದಿನ ಜಾತ್ರೆ ಎಲ್ಲ ನೆನಪಿತ್ತು. ಹಾಗಾಗಿ ನೆಂಟರು ಹೇಳಿದ್ದು: "ಬೇಕಾದ್ದು ನೆನಪೈತಿ, ಬ್ಯಾಡಾದ್ದು ಇಲ್ಲ. ಮನಸ ಮಾಡವಲ್ಲ." ಈ ಮಾತು ಹೆಂಡತಿಯನ್ನು ಕಾಯಿಲೆಗಿಂತ ಹೆಚ್ಚು ಸುಟ್ಟಿತು. ನೆನಪು ಒಂದೇ ಕಣಜ, ತುಂಬಿದ್ದರೆ ಪೂರ್ತಿ ತುಂಬಿರಬೇಕು, ಬರಿದಾದರೆ ಪೂರ್ತಿ ಬರಿದು ಎಂಬ ಎಣಿಕೆಯೇ ಈ ಅನ್ಯಾಯದ ಬೇರು.

ಆರು ವಾರಕ್ಕೆ ವಿವರವಾಗಿ ಪರೀಕ್ಷೆ ಮಾಡಿದರು. ಅಂಕಿಗಳನ್ನು ಹೇಳಿ ಕೂಡಲೇ ತಿರುಗಿ ಹೇಳಿಸಿದಾಗ ಆರು ಅಂಕಿ ನೇರಕ್ಕೆ, ನಾಲ್ಕು ಉಲ್ಟಾ, ಇದು ಸಹಜ. ಕ್ಷಣಮಾತ್ರ ಹಿಡಿದಿಟ್ಟು ಕೆಲಸ ಮಾಡುವ ನೆನಪನ್ನು ಹಣೆಯ ಹಿಂದಿನ ಹಾಲೆಯ ಹೊರಮೈ ಮತ್ತು ಅದರೊಡನೆ ಸೇರಿದ ಹಿಂಬದಿಯ ಜಾಲ ನಡೆಸುತ್ತದೆ, ಅದಕ್ಕೆ ಪೆಟ್ಟು ಬಿದ್ದಿರಲಿಲ್ಲ. 15 ಪದಗಳ ಪಟ್ಟಿಯನ್ನು ಐದು ಸಲ ಓದಿ ಹೇಳಿಸಿದರೆ ಮೊದಲ ಸಲ ಐದು, ಐದನೇ ಸಲವೂ ಆರು. ಅರ್ಧ ಗಂಟೆಯ ಮೇಲೆ ಸೊನ್ನೆ. ಪಟ್ಟಿ ಓದಿದ್ದೇ ನೆನಪಿಲ್ಲ. ಹಳೆಯದರಲ್ಲಿ ಸುಮಾರು ನಾಲ್ಕು ವರ್ಷದ ಈಚಿನದು ಮಸುಕು, ಅದಕ್ಕೂ ಹಿಂದಿನದು ಗಟ್ಟಿ.

ಹಾಳಾಗಿದ್ದ ಭಾಗದ ಹೆಸರು ಹಿಪ್ಪೊಕ್ಯಾಂಪಸ್. ಕಡಲ್ಗುದುರೆಯಂತೆ ಬಾಗಿದ, ಕಿರುಬೆರಳಿನಷ್ಟು ಉದ್ದದ ಮಡಿಕೆ, ಎಡಕ್ಕೊಂದು, ಬಲಕ್ಕೊಂದು. ಇದರ ಕೆಲಸವನ್ನು ಮನೆಯವರಿಗೆ ತಿಳಿಸಲು ಚಿಕಿತ್ಸೆಯ ತಂಡ ಎರಡು ಸಲ ಚಿತ್ರ ಬರೆದು ಸೋತಿತು. ಮೂರನೇ ಸಲ ತಮ್ಮನೇ ದಾರಿ ತೋರಿದರು: "ಅಂದ್ರ ಅಚ್ಚು ಕೆಚ್ಚೋದು ನಿಂತೈತಿ ಅನ್ರಿ." ಹಳೆಯ ಹಾಸು ಮುಗಿಯುವಾಗ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹಳೆಯ ಎಳೆಗೆ ಸೇರಿಸುವುದು ಅಚ್ಚು ಕೆಚ್ಚುವುದು. ಇದಕ್ಕಿಂತ ಒಳ್ಳೆಯ ಹೋಲಿಕೆ ನಮಗೆ ಸಿಕ್ಕಿಲ್ಲ. ಕಂಡದ್ದು, ಕೇಳಿದ್ದು, ಮೂಸಿದ್ದು ಮೆದುಳಿನ ಹೊರಪದರದ ಬೇರೆ ಬೇರೆ ಕಡೆ ಬೀಳುತ್ತದೆ. ಇವೆಲ್ಲ ಒಂದೇ ಹೊತ್ತಿನ, ಒಂದೇ ಜಾಗದ ಸಂಗತಿ ಎಂದು ಎಳೆಗೆ ಎಳೆ ಸೇರಿಸುವುದು ಹಿಪ್ಪೊಕ್ಯಾಂಪಸ್. ನೇಯ್ದು ಮುಗಿದ ಬಟ್ಟೆಗೆ ಆ ಕೈ ಬೇಕಿಲ್ಲ. ಮದುವೆಯ ದಿನದ ಮಳೆ ಅದಕ್ಕೇ ಉಳಿದಿದೆ. ಇತ್ತೀಚಿನ ಕೆಲವು ವರ್ಷದ್ದು ಇನ್ನೂ ಬಿಗಿಯಾಗಿರಲಿಲ್ಲ, ಬಿಚ್ಚಿಹೋಯಿತು. ಹೊಸದು ಸೇರುವುದೇ ಇಲ್ಲ. ಹಳೆಯದು ಗಟ್ಟಿ, ಹತ್ತಿರದ್ದು ಸಡಿಲ ಎಂಬ ಈ ನಿಯಮವನ್ನು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ತೆಯೊಡ್ಯೂಲ್ ರಿಬೊ 1881ರಲ್ಲೇ ಬರೆದಿಟ್ಟಿದ್ದಾನೆ.

ಇದರ ಮೇಲೊಂದು ಕಷ್ಟ, ಕಲ್ಪಿತ ನೆನಪು. "ಮುಂಜಾನಿ ಹುನಗುಂದಕ್ಕ ಹೋಗಿ ನೂಲ ತಂದೆ" ಎಂದು ಮಲ್ಲಪ್ಪ ಧೈರ್ಯವಾಗಿ ಹೇಳುತ್ತಿದ್ದರು, ಮನೆಯಿಂದ ಹೊರಗೇ ಹೋಗಿರದ ದಿನ. ಸುಳ್ಳಲ್ಲ ಇದು. ಮನಸ್ಸಿಗೆ ಬಂದ ಚಿತ್ರ ಇವತ್ತಿನದೋ ಹಳೆಯದೋ ಎಂದು ಒರೆ ಹಚ್ಚುವ ಜಾಗ ಮುಂಗಡೆ ಹಾಲೆಯ ತಳದಲ್ಲಿದೆ, ಅಲ್ಲಿಗೂ ಉರಿ ತಗುಲಿತ್ತು. ಮೂರು ತಿಂಗಳಲ್ಲಿ ಇದು ತಾನಾಗಿ ಬಹಳ ಕಡಿಮೆಯಾಯಿತು. ಹೀಗೆ ಹೇಳಿದಾಗ ವಾದ ಮಾಡಬಾರದು, ಹೌದೆನ್ನಲೂ ಬಾರದು. "ನೂಲ ಇಲ್ಲೇ ಐತ್ರಿ, ಬರ್ರಿ ನೋಡೋಣು" ಎಂದು ಕಣ್ಣಿಗೆ ಕಾಣುವ ವಸ್ತುವಿಗೆ ಕರೆತರಬೇಕು.

ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಜೋಡುಗೆರೆಯ ನಕ್ಷತ್ರ, ಅದನ್ನು ಕನ್ನಡಿಯಲ್ಲಿ ಮಾತ್ರ ನೋಡುತ್ತ, ಎರಡು ಗೆರೆಗಳ ನಡುವೆ ಪೆನ್ಸಿಲ್ ಸಾಗಿಸಬೇಕು. ಕೈ ಎಡಕ್ಕೆ ಹೋದದ್ದು ಬಲಕ್ಕೆ ಕಾಣುವುದರಿಂದ ಮೊದಲ ಸಲ ಎಲ್ಲರೂ ತಡವರಿಸುತ್ತಾರೆ. ಮಲ್ಲಪ್ಪ ಮೊದಲ ದಿನ 31 ಸಲ ಗೆರೆ ದಾಟಿದರು, ಎರಡನೇ ದಿನ 17, ಮೂರನೇ ದಿನ 9. ಮೂರೂ ದಿನ ಹೇಳಿದ್ದು ಒಂದೇ: "ಇದನ್ನ ನಾ ಎಂದೂ ನೋಡಿಲ್ರಿ."

ಇದೇ ಪರೀಕ್ಷೆಯನ್ನು ಕೆನಡಾದ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಎಚ್.ಎಂ. ಎಂದು ಹೆಸರಾದ ಹೆನ್ರಿ ಮೊಲೈಸನ್ ಅವರ ಮೇಲೆ ಮಾಡಿದ್ದರು. ಫಿಟ್ಸ್ ನಿಲ್ಲಿಸಲೆಂದು 1953ರಲ್ಲಿ ಶಸ್ತ್ರವೈದ್ಯ ವಿಲಿಯಂ ಸ್ಕೊವಿಲ್, ಮೊಲೈಸನ್ ಅವರ ಎರಡೂ ಬದಿಯ ಹಿಪ್ಪೊಕ್ಯಾಂಪಸ್ಸಿನ ಬಹುಭಾಗವನ್ನು ತೆಗೆದುಹಾಕಿದ್ದರು; 2008ರಲ್ಲಿ ತೀರಿಕೊಳ್ಳುವವರೆಗೂ ಅವರು ಹೊಸ ಸಂಗತಿಗಳನ್ನು ನೆನಪಿಡಲು ಬಹುತೇಕ ಆಗದೆ ಬದುಕಿದರು. ಅವರ ಕೈಯೂ ನಕ್ಷತ್ರವನ್ನು ಕಲಿತಿತ್ತು. ಕೈಯ ಕಲಿಕೆಗೆ ಬೇರೆ ದಾರಿಯಿದೆ: ಮೆದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಚಲನೆಗಳನ್ನು ಸರಣಿಯಾಗಿ ಪೋಣಿಸುತ್ತದೆ, ಹಿಂದಲೆಯ ಕಿರುಮೆದುಳು ಅವುಗಳ ಹೊತ್ತು ಮತ್ತು ಹದ ತಿದ್ದುತ್ತದೆ. ಮಲ್ಲಪ್ಪನವರ ಎಂಆರ್‌ಐನಲ್ಲಿ ಇವೆರಡೂ ಅಚ್ಚಳಿಯದೆ ಇದ್ದವು.

ಮನೆಯಲ್ಲಿ ಆದ ತಪ್ಪು, ತಿದ್ದಿದ ಬಗೆ

ಅವರು ಆಸ್ಪತ್ರೆಯಲ್ಲಿದ್ದಾಗ ಮನೆಯವರು ಹಿತ್ತಲಲ್ಲಿ ಹೊಸ ಶೌಚಾಲಯ ಕಟ್ಟಿಸಿದ್ದರು. ಮಲ್ಲಪ್ಪನವರಿಗೆ ಅದು ಗೊತ್ತಿಲ್ಲ. ಮಗಳು ಶಾಲೆಯಲ್ಲಿ ಕಲಿತ ರೀತಿಯಲ್ಲೇ ಕಲಿಸಲು ಹೊರಟಳು: "ಅಪ್ಪಾ, ಎಲ್ಲೈತಿ ಹೇಳು ನೋಡೋಣು, ನೆನಪ ಮಾಡ್ಕೊ." ಅವರು ಊಹಿಸಿ ನೂಲಿನ ಕೋಣೆಯ ಬಾಗಿಲು ತೆರೆಯುತ್ತಿದ್ದರು. "ಅಲ್ಲಲ್ಲ, ಆ ಕಡೆ" ಎಂದು ತಿದ್ದುತ್ತಿದ್ದಳು. ದಿನಕ್ಕೆ ಏಳೆಂಟು ಸಲ, ಮೂರು ವಾರ. ಮೂರು ವಾರದ ಕೊನೆಗೆ ಅವರು ಕೇಳದೆಯೇ, ತಡವರಿಸದೆಯೇ ಎದ್ದು ನೆಟ್ಟಗೆ ನೂಲಿನ ಕೋಣೆಗೆ ಹೋಗತೊಡಗಿದರು.

ಈ ಪ್ರಕರಣದಲ್ಲಿ ಬೇರೆಯವರು ಹಿಡಿದಿಟ್ಟುಕೊಳ್ಳಬೇಕಾದ ಜಾಗ ಇದು. ನಾವು ತಪ್ಪಿ ಕಲಿಯುತ್ತೇವೆ, ಏಕೆಂದರೆ ತಪ್ಪಿದ್ದು ನೆನಪಿರುತ್ತದೆ. ನೆನ್ನೆ ಈ ಬಾಗಿಲು ತೆರೆದು ಪೇಚಾಡಿದೆ ಎಂಬ ಸಂಗತಿ ಇವತ್ತು ತಡೆಯುತ್ತದೆ. ಆ ತಡೆ ಹಿಪ್ಪೊಕ್ಯಾಂಪಸ್ಸಿನದು. ಅದಿಲ್ಲದವರಲ್ಲಿ ಉಳಿಯುವುದು ಕಾಲು ನಡೆದ ದಾರಿ ಮಾತ್ರ, ಮತ್ತು ರೂಢಿಯ ಕಲಿಕೆಗೆ ಸರಿ ದಾರಿ ತಪ್ಪು ದಾರಿ ಎಂಬ ಭೇದವಿಲ್ಲ. ಮಗಳು ತಿದ್ದುತ್ತಿದ್ದೇನೆ ಎಂದುಕೊಂಡಿದ್ದಳು. ನಿಜವಾಗಿ ದಿನಕ್ಕೆ ಎಂಟು ಸಲ ತಪ್ಪನ್ನು ಅಭ್ಯಾಸ ಮಾಡಿಸುತ್ತಿದ್ದಳು. 1994ರಲ್ಲಿ ಬ್ಯಾಡ್ಲಿ ಮತ್ತು ವಿಲ್ಸನ್ ಎಂಬ ಇಂಗ್ಲೆಂಡಿನ ಸಂಶೋಧಕರು ಇದನ್ನೇ ಪರೀಕ್ಷಿಸಿ, ಮರೆವಿನ ರೋಗಿಗಳು ಊಹಿಸಲು ಬಿಟ್ಟಾಗಿನದಕ್ಕಿಂತ ತಪ್ಪೇ ಆಗದಂತೆ ಕಲಿಸಿದಾಗ ಚೆನ್ನಾಗಿ ಕಲಿಯುತ್ತಾರೆ ಎಂದು ತೋರಿಸಿದ್ದರು.

ಹಾಗಾಗಿ ತಿರುಗುಮುರುಗು ಮಾಡಲಾಯಿತು. ನೂಲಿನ ಕೋಣೆಯ ಬಾಗಿಲಿಗೆ ಅಡ್ಡವಾಗಿ ಕಬ್ಬಿಣದ ಕಪಾಟು ಸರಿಸಿ ಬಾಗಿಲೇ ಕಾಣದಂತೆ ಮಾಡಿದರು. ಮಗ್ಗದಿಂದ ಹಿತ್ತಲಿನವರೆಗೆ ನೆಲಕ್ಕೆ ನಾಲ್ಕು ಬೆರಳಗಲ ಕೆಂಪು ಪಟ್ಟೆ ಬಳಿದರು. ಪ್ರಶ್ನೆ ಕೇಳುವುದು ಬಂದ್. ಎದ್ದ ಕೂಡಲೇ ಯಾರಾದರೂ ಮೊಣಕೈ ಹಿಡಿದು, ಮಾತಿಲ್ಲದೆ, ಪಟ್ಟೆಯ ಮೇಲೆ ನಡೆಸಿಕೊಂಡು ಹೋಗುವುದು. ಮೊದಲ ನಾಲ್ಕು ದಿನ ಪೂರ್ತಿ ಕೈ ಹಿಡಿದು, ಆಮೇಲೆ ಎರಡು ಹೆಜ್ಜೆ ಮೊದಲೇ ಕೈ ಬಿಟ್ಟು, ಆಮೇಲೆ ನಾಲ್ಕು ಹೆಜ್ಜೆ. ತಡವರಿಸುವ ಸೂಚನೆ ಕಂಡರೆ ತಪ್ಪುವ ಮೊದಲೇ ಹಿಡಿಯಬೇಕು. ಹನ್ನೆರಡನೇ ದಿನ ಒಬ್ಬರೇ ಹೋಗಿ ಬಂದರು. ಶೌಚಾಲಯ ಎಲ್ಲಿದೆ ಎಂದು ಕೇಳಿದರೆ ಇವತ್ತಿಗೂ ಹೇಳುವುದಿಲ್ಲ, ಕೇಳದಿದ್ದರೆ ಹೋಗುತ್ತಾರೆ.

ಗುಳಿಗೆಯನ್ನೂ ಹೀಗೆಯೇ ಕಲಿಸಿದರು, ಒಂದು ಸೇರ್ಪಡೆಯೊಂದಿಗೆ. ಮಗ್ಗದ ಎಡಗಡೆ ಗೋಡೆಯ ಮಾಡದಲ್ಲಿ ನೀಲಿ ಡಬ್ಬಿ, ಅದರಲ್ಲಿ 14 ಖಾನೆ, ವಾರಕ್ಕೆ ಎರಡು ಹೊತ್ತಿನ ಲೆಕ್ಕ. ಎಂಟು ಗಂಟೆಗೆ ಮೊಬೈಲ್ ಬಾರಿಸುತ್ತದೆ. "ಮೊಬೈಲ್ ಬಾರಿಸಿದ್ರ ನೀಲಿ ಡಬ್ಬಿ" ಎಂದು ಹೇಳಿ 15 ಸೆಕೆಂಡ್ ಬಿಟ್ಟು ಹೇಳಿಸುವುದು, ಆಮೇಲೆ 30 ಸೆಕೆಂಡ್, ಒಂದು ನಿಮಿಷ, ಎರಡು, ನಾಲ್ಕು, ಎಂಟು. ಎಲ್ಲಿ ತಡವರಿಸಿದರೋ ಅಲ್ಲಿ ಊಹಿಸಲು ಬಿಡದೆ ಉತ್ತರ ತಾವೇ ಹೇಳಿ ಹಿಂದಿನ ಅಂತರಕ್ಕೆ ಮರಳುವುದು. ಎರಡು ವಾರದಲ್ಲಿ ಹತ್ತಿತು.

ಹತ್ತಿದ್ದು ಎಷ್ಟು ಗಡಸಾಗಿತ್ತೆಂದರೆ, ದೀಪಾವಳಿಗೆ ಸುಣ್ಣ ಬಳಿಯುವಾಗ ಡಬ್ಬಿಯನ್ನು ಪಕ್ಕದ ಕಿಟಕಿಗೆ, ಒಂದೂವರೆ ಮೊಳ ದೂರಕ್ಕೆ, ಇಟ್ಟರು. ಮಲ್ಲಪ್ಪ ಬರಿದಾದ ಮಾಡಕ್ಕೆ ಕೈ ಹಾಕಿ, ಏನೂ ಸಿಗದೆ, ಮಗ್ಗಕ್ಕೆ ಮರಳಿದರು. ಆ ರಾತ್ರಿ ಮತ್ತು ಮರುದಿನ ಎರಡು ಡೋಸ್ ತಪ್ಪಿದವು. ಫಿಟ್ಸ್ ಬರಲಿಲ್ಲ, ಅದು ಪುಣ್ಯ. ಹಿಪ್ಪೊಕ್ಯಾಂಪಸ್ ಕಟ್ಟಿದ ನೆನಪನ್ನು ಬೇಕಾದ ಕಡೆ ತಿರುಗಿಸಿ ಬಳಸಬಹುದು, "ಡಬ್ಬಿ ಇಲ್ಲಿಲ್ಲ, ಅಂದರೆ ಹತ್ತಿರದಲ್ಲೆಲ್ಲೋ ಇದೆ" ಎಂದು. ರೂಢಿಯ ನೆನಪಿಗೆ ಆ ತಿರುವು ಇಲ್ಲ. ಹೀಗೆ ಕಲಿಸಿದ ಮನೆಯಲ್ಲಿ ಸಾಮಾನಿನ ಜಾಗ ಬದಲಿಸುವುದು ಔಷಧ ಬದಲಿಸಿದಷ್ಟೇ ದೊಡ್ಡ ನಿರ್ಧಾರ. ಆಮೇಲೆ ಮನೆಯವರು ಡಬ್ಬಿಯನ್ನು ಸಣ್ಣ ಸರಪಳಿಯಿಂದ ಮಾಡಕ್ಕೇ ಕಟ್ಟಿದರು.

ಮಗ್ಗಕ್ಕೆ ಮರಳಿದ್ದು

ನಕ್ಷತ್ರದ ಫಲಿತಾಂಶ ನೋಡಿದ ದಿನವೇ ಮಗ್ಗದ ಮಾತು ಬಂತು. ಹೆಂಡತಿ ಒಪ್ಪಲಿಲ್ಲ. ಕುಣಿಯಲ್ಲಿ ಕಾಲಿಳಿಸಿ ಕೂತಾಗ ಫಿಟ್ಸ್ ಬಂದರೆ? ಅವರ ಭಯ ಸರಿಯಾಗಿತ್ತು, ತಂಡದ ಆತುರ ತಪ್ಪಾಗಿತ್ತು. ಮೂರು ತಿಂಗಳು ಫಿಟ್ಸಿಲ್ಲದೆ ಕಳೆಯುವವರೆಗೆ ರಾಟಿಯ ಮೇಲೆ ಕಂಡಿಕೆ (ಲಾಳಿಯೊಳಗೆ ಇಡುವ ನೂಲಿನ ಸುತ್ತು) ಸುತ್ತುವುದು ಮಾತ್ರ ಎಂದು ತೀರ್ಮಾನವಾಯಿತು. ಆ ತಿಂಗಳುಗಳಲ್ಲಿ ಇನ್ನೊಂದರ ಮೇಲೂ ಕಣ್ಣಿತ್ತು: ಹರ್ಪಿಸ್ ಮೆದುಳುಜ್ವರ ವಾಸಿಯಾದ ಕೆಲವು ವಾರಗಳಿಗೆ ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳಿನ ಮೇಲೆ ತಿರುಗಿ ಬೀಳುತ್ತದೆ, ನಡತೆ ಮತ್ತೆ ಕೆಟ್ಟರೆ ಅದನ್ನು ಹಳೆಯದರ ಉಳಿಕೆ ಎಂದು ಬಿಡದೆ ಪ್ರತಿಕಾಯದ ಪರೀಕ್ಷೆ ಮಾಡಿಸಬೇಕು. ಇವರಿಗೆ ಹಾಗಾಗಲಿಲ್ಲ.

ನಾಲ್ಕನೇ ತಿಂಗಳು ಕುಣಿಯ ಅಂಚಿಗೆ ಹಳೆಯ ಕೌದಿ ಹೊಲಿದು, ತಮ್ಮ ಪಕ್ಕದಲ್ಲಿ ಕೂತು, ಮಗ್ಗಕ್ಕೆ ಇಳಿಸಿದರು. ಯಾರೂ ಏನೂ ಹೇಳಿಕೊಡಲಿಲ್ಲ. ಮಲ್ಲಪ್ಪ ಮೊದಲು ಹಾಸಿನ ಬಿಗಿಯನ್ನು ಅಂಗೈಯಿಂದ ಒತ್ತಿ ನೋಡಿದರು, ಲಾಳಿ ಎತ್ತಿ ಅದರ ತುದಿಯನ್ನು ಹೆಬ್ಬೆರಳಿನಿಂದ ಸವರಿದರು, ಕಂಡಿಕೆಯ ಎಳೆಯನ್ನು ಬಾಯಿಂದ ಹೀರಿ ಲಾಳಿಯ ಕಣ್ಣಿನಿಂದ ಹೊರತೆಗೆದರು, ಕಾಲು ಒತ್ತಿದರು. ಮೊದಲ ಹತ್ತು ಬಡಿತ ಏರುಪೇರು. ಆಮೇಲೆ ಒಂದೇ ಲಯ. ತಾಯಿ ಒಳಗಿನಿಂದ ಬಂದು ಕಂಬ ಹಿಡಿದು ನಿಂತರು. ಐದು ತಿಂಗಳಿನಿಂದ ಆ ಮನೆಯಲ್ಲಿ ಆ ಸಪ್ಪಳ ಇರಲಿಲ್ಲ.

ಒಡಲು ಸಲೀಸಾಗಿ ಬಂತು. ಸೆರಗಿನಲ್ಲಿ ಕೆಟ್ಟಿತು. ಒಂದೇ ಪಟ್ಟಿಯೊಳಗಿನ ಎಣಿಕೆ ತಪ್ಪುತ್ತಿರಲಿಲ್ಲ, ಏಕೆಂದರೆ ಎಡೆಬಿಡದೆ ಕೂತಿರುವವರೆಗೆ ಕ್ಷಣದ ನೆನಪು ಹಿಡಿದಿರುತ್ತದೆ. ಯಾರಾದರೂ "ಚಾ ಕುಡೀತೀರೇನು?" ಎಂದರೆ ಮುಗಿಯಿತು. ಎದ್ದು ಬಂದು ಕೂತರೆ ಎದುರಿಗಿರುವುದು ಗೇಣು ಕೆಂಪು. ಅದು ಒಂದನೆಯ ಕೆಂಪೋ ಎರಡನೆಯದೋ ತಿಳಿಯದು, ಹಿಂದಿನದು ಮರಕ್ಕೆ ಸುತ್ತಿಹೋಗಿದೆ.

ಮೊದಲು ಹುಣಸೆಬೀಜದ ಉಪಾಯ ಮಾಡಿದರು. ಎಡಬಟ್ಟಲಲ್ಲಿ ಐದು ಬೀಜ; ಒಂದು ಪಟ್ಟಿ ಮುಗಿದರೆ ಒಂದು ಬೀಜ ಬಲಬಟ್ಟಲಿಗೆ. ಕಾಗದದ ಮೇಲೆ ಚೆಂದ. ಕೂತಾಗ ಏನಾಯಿತೆಂದರೆ, ಚಹಾ ಕುಡಿದು ಬಂದವರು ಬಟ್ಟಲು ನೋಡಿ, "ಹಾಕೀನೋ ಇಲ್ಲೋ" ಎಂದು ಅನುಮಾನಿಸಿ, ಇನ್ನೊಂದು ಹಾಕುತ್ತಿದ್ದರು, ಇಲ್ಲವೇ ಒಂದನ್ನು ಹಿಂತೆಗೆಯುತ್ತಿದ್ದರು. ಒಂದು ಸೀರೆಗೆ ನಾಲ್ಕು ಕೆಂಪು ಪಟ್ಟಿ ಬಿದ್ದವು. ಸಾವಕಾರರು ಅದನ್ನು ಅರ್ಧ ಬೆಲೆಗೆ ತೆಗೆದುಕೊಂಡರು. ಉಪಾಯ ಸೋತದ್ದು ಬೀಜ ಮತ್ತು ಬಟ್ಟೆ ಬೇರೆ ಬೇರೆ ಇದ್ದುದರಿಂದ. ಎರಡೂ ತಾಳೆಯಾಗಿವೆಯೇ ಎಂದು ನೆನಪಿಡಬೇಕು, ಇಲ್ಲದಿರುವುದೇ ಆ ನೆನಪು.

ಎರಡನೇ ಉಪಾಯ ಹೆಂಡತಿಯದು, ಅದೇ ನಿಂತಿತು. ಪ್ರತಿ ಪಟ್ಟಿಯ ಮೊದಲ ಎಳೆ ಹೊಡೆದ ಕೂಡಲೇ ಬಟ್ಟೆಯ ಎಡ ಅಂಚಿಗೆ ಒಂದು ಮೊಳದ ಹಳದಿ ನೂಲು ಕಟ್ಟುವುದು. ಬಟ್ಟೆ ಮರಕ್ಕೆ ಸುತ್ತಿಕೊಂಡರೂ ನೂಲಿನ ತುದಿ ಪಕ್ಕದಲ್ಲಿ ಜೋತುಬಿದ್ದಿರುತ್ತದೆ. ಮೂರು ನೂಲು ಜೋತಿದ್ದರೆ ನೇಯುತ್ತಿರುವುದು ಮೂರನೆಯ ಪಟ್ಟಿ, ಅಂದರೆ ನಡುವಿನ ಕೆಂಪು. ಗುರುತು ಬಟ್ಟೆಯಲ್ಲೇ ಇದೆ, ಬಟ್ಟೆ ಮುಂದೆ ಹೋದಷ್ಟೇ ಗುರುತೂ ಹೋಗುತ್ತದೆ. ಬಣ್ಣದ ಲಾಳಿ ಬದಲಿಸುವ ಕೈ ಹಾಗೆಯೇ ಹಳದಿ ನೂಲಿಗೆ ಹೋಗುವಂತೆ ತಮ್ಮ ಒಂಬತ್ತು ದಿನ ಪಕ್ಕದಲ್ಲಿ ಕೂತು ಕೈಗೆ ಕೈ ಕೊಟ್ಟು ರೂಢಿ ಮಾಡಿಸಿದರು. ಸೀರೆ ಇಳಿಸಿದ ಮೇಲೆ ನೂಲು ಬಿಚ್ಚಿ ಬಿಸಾಡುತ್ತಾರೆ. ಆಸ್ಪತ್ರೆಯಲ್ಲಿ ಕೂತು ಯಾವ ತಂಡವೂ ಇದನ್ನು ಹೊಳೆಯಿಸಿಕೊಳ್ಳುತ್ತಿರಲಿಲ್ಲ. ಬಟ್ಟೆ ಎತ್ತ ಸುತ್ತಿಕೊಳ್ಳುತ್ತದೆ ಎಂಬುದು ಗೊತ್ತಿದ್ದವರಿಗೇ ಹೊಳೆಯುವಂಥದ್ದು.

ತೋಪತೆನಿಯ ಕುಣಿಕೆ ಹಾಕುವ ಕೆಲಸವನ್ನು ಅವರಿಗೆ ಒಂದೇ ಕೂರಿಕೆಯಲ್ಲಿ ಕೊಡುತ್ತಾರೆ. ಆ ಹೊತ್ತಿನಲ್ಲಿ ಬಾಗಿಲು ಮುಂದೆ ಮಾಡಿರುತ್ತಾರೆ, ಯಾರೂ ಮಾತಾಡಿಸುವುದಿಲ್ಲ.

ಅಪ್ಪ ಎಲ್ಲಿ

ಎಲ್ಲಕ್ಕಿಂತ ಕಷ್ಟದ ನಿರ್ಧಾರ ಇದು. ತಂದೆ ತೀರಿಕೊಂಡದ್ದು ಬಿಚ್ಚಿಹೋದ ವರ್ಷಗಳೊಳಗೆ ಸೇರಿತ್ತು. ದಿನಾ ಮುಂಜಾನೆ "ಅಪ್ಪ ಎಲ್ಲಿ ಹೋಗ್ಯಾನ?" ಎಂದು ಕೇಳುತ್ತಿದ್ದರು. ಹೆಂಡತಿ ಮೊದಮೊದಲು ಇದ್ದುದನ್ನೇ ಹೇಳಿದರು. ಪ್ರತಿ ಸಲವೂ ಅದು ಮೊದಲ ಸಲದ ಸುದ್ದಿ, ಮೊದಲ ಸಲದ ಅಳು. ಕಾಲು ಗಂಟೆಯಲ್ಲಿ ಸುದ್ದಿ ಮರೆತುಹೋಗುತ್ತಿತ್ತು, ಆದರೆ ಮಂಕು ಮಧ್ಯಾಹ್ನದವರೆಗೂ ಹೋಗುತ್ತಿರಲಿಲ್ಲ. ಊಟ ಬಿಡುತ್ತಿದ್ದರು. "ಯಾಕ್ರೀ?" ಎಂದರೆ "ಗೊತ್ತಿಲ್ಲ, ಮನಸ ಸರಿ ಇಲ್ಲ."

ಭಾವನೆಯ ನೆನಪು ಬೇರೆ ಕಡೆಯದು. ಹಿಪ್ಪೊಕ್ಯಾಂಪಸ್ಸಿನ ಮುಂದಿನ ತುದಿಗೆ ಬಾದಾಮಿಯಾಕಾರದ ಅಮಿಗ್ಡಲಾ ಇದೆ. ಇವರಲ್ಲಿ ಬಲಬದಿಯದು ಬಹುಮಟ್ಟಿಗೆ ಉಳಿದಿತ್ತು. 1911ರಲ್ಲಿ ಜಿನೀವಾದ ವೈದ್ಯ ಕ್ಲಾಪರೇಡ್ ಮರೆವಿನ ಹೆಂಗಸೊಬ್ಬಳ ಕೈಕುಲುಕುವಾಗ ಬೆರಳ ನಡುವೆ ಸೂಜಿ ಬಚ್ಚಿಟ್ಟು ಚುಚ್ಚಿದ. ಆಮೇಲೆ ಆಕೆ ಅವನ ಗುರುತೇ ಇಲ್ಲದೆ, ಕಾರಣವೂ ತಿಳಿಯದೆ, ಕೈ ಹಿಂದೆಳೆದುಕೊಂಡಳು. 2010ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಹಿಪ್ಪೊಕ್ಯಾಂಪಸ್ ಹಾಳಾದ ಐವರಿಗೆ ದುಃಖದ ದೃಶ್ಯಗಳನ್ನು ತೋರಿಸಿದರು. ದೃಶ್ಯ ಮರೆತ ಮೇಲೂ ದುಃಖ ಉಳಿದಿತ್ತು. ಮಲ್ಲಪ್ಪನವರ ಮುಂಜಾನೆಗಳು ಅದೇ.

ನೆಂಟರ ಮಾತಿನಂತೆ ಹೆಂಡತಿ "ಊರಿಗೆ ಹೋಗ್ಯಾರ" ಎಂದು ಎರಡು ವಾರ ಹೇಳಿದರು, ಗೋಡೆಯ ಹಾರ ಹಾಕಿದ ಫೋಟೊ ಇಳಿಸಿಟ್ಟರು. ಕೇಳುವುದು ಹೆಚ್ಚಾಯಿತು, ಸಂಜೆಗೆ ಅಗಸಿ ಬಾಗಿಲಿಗೆ ಹೋಗಿ ಕಾಯತೊಡಗಿದರು. ತಂಡಕ್ಕೂ ಸಿದ್ಧ ಉತ್ತರವಿರಲಿಲ್ಲ. ಕೊನೆಗೆ ಗೊತ್ತುಮಾಡಿದ್ದು: ಸುಳ್ಳು ಬೇಡ, ಸುದ್ದಿಯನ್ನು ಸುದ್ದಿಯಾಗಿ ಒಡೆಯುವುದೂ ಬೇಡ. ಫೋಟೊವನ್ನು ಮಗ್ಗದ ಎದುರಿಗೆ, ಕೂತರೆ ಕಣ್ಣಿಗೆ ಬೀಳುವ ಎತ್ತರಕ್ಕೆ, ಹಾರದೊಂದಿಗೇ ಮರಳಿ ಹಾಕಿದರು. ಮುಂಜಾನೆ ಮಗ್ಗಕ್ಕಿಳಿಯುವ ಮೊದಲು ಫೋಟೊಕ್ಕೆ ವಿಭೂತಿ ಹಚ್ಚುವುದನ್ನು ದಿನದ ಮೊದಲ ಕೆಲಸವಾಗಿ ರೂಢಿ ಮಾಡಿಸಿದರು. 'ಅಪ್ಪ ಎಲ್ಲಿ' ಎಂದರೆ ಹೆಂಡತಿ ಫೋಟೊದ ಮುಂದೆ ಕರೆದೊಯ್ದು ಕೇಳುತ್ತಿದ್ದರು: "ಮಾವನಾರು ನಿಮಗ ಮೊದಲ ಯಾವ ಸೀರಿ ಕಲಿಸಿದ್ರು?" ಅದು ಗಟ್ಟಿ ಉಳಿದ ನೆನಪು, ಅದಕ್ಕೆ ಉದ್ದ ಉತ್ತರ ಬರುತ್ತಿತ್ತು.

ಏಳು ತಿಂಗಳಿಗೆ ಕೇಳುವುದು ನಿಂತಿತು. ಯಾವಾಗ ತೀರಿಕೊಂಡರು, ಹೇಗೆ ಎಂದರೆ ಗೊತ್ತಿಲ್ಲ. ಆದರೆ "ಅಪ್ಪ ಅದಾರೇನ್ರಿ?" ಎಂದು ಹೊರಗಿನವರು ಕೇಳಿದರೆ "ಇಲ್ರಿ" ಎನ್ನುತ್ತಾರೆ. ಸಾವಿರ ಸಲ ಕಂಡದ್ದು ಹಿಪ್ಪೊಕ್ಯಾಂಪಸ್ಸಿನ ಕೈ ಇಲ್ಲದೆಯೂ ಹೊರಪದರಕ್ಕೆ ಮೆಲ್ಲಗೆ ಇಳಿಯುತ್ತದೆ, ಸಂಗತಿಯಾಗಿ ಅಲ್ಲ, ತಿಳಿವಳಿಕೆಯಾಗಿ. ಎಚ್.ಎಂ. ಅವರಲ್ಲೂ ಶಸ್ತ್ರಚಿಕಿತ್ಸೆಯ ನಂತರದ ಪ್ರಸಿದ್ಧರ ಬಗ್ಗೆ ಇಂಥ ಚೂರುಪಾರು ತಿಳಿವಳಿಕೆ ಕಂಡುಬಂದಿತ್ತು.

18 ತಿಂಗಳಿಗೆ

ಪದಗಳ ಪಟ್ಟಿ ಈಗಲೂ ಅರ್ಧ ಗಂಟೆಗೆ ಸೊನ್ನೆ. ಅಲ್ಲಿ ಏನೂ ಬದಲಾಗಿಲ್ಲ, ಬದಲಾಗುತ್ತದೆಂದು ಮನೆಯವರಿಗೆ ಆಸೆ ಹುಟ್ಟಿಸಬಾರದು. ಫಿಟ್ಸ್ ಬಂದಿಲ್ಲ. ಮೊದಲು ತಿಂಗಳಿಗೆ ಐದಾರು ಸೀರೆ ಇಳಿಯುತ್ತಿದ್ದವು, ಈಗ ನಾಲ್ಕು. ಒಲೆಯ ಹತ್ತಿರ ಒಬ್ಬರನ್ನೇ ಬಿಡುವುದಿಲ್ಲ. ಸಂತೆಗೆ ಹೋದರೆ ಮಗನ ಜೊತೆ. ದುಡ್ಡಿನ ವ್ಯವಹಾರ ಪೂರ್ತಿ ಹೆಂಡತಿಯದು, ಸಾವಕಾರರಿಗೂ ಅದನ್ನು ಬರೆದು ತಿಳಿಸಿದ್ದಾರೆ. ಒಮ್ಮೆ ಒಂದೇ ಸೀರೆಗೆ ಎರಡು ಸಲ ಮುಂಗಡ ಇಸಿದುಕೊಂಡು ಬಂದ ಮೇಲೆ ಆದ ಏರ್ಪಾಟು ಅದು. ಹೆಂಡತಿ ವಾರಕ್ಕೊಂದು ದಿನ ತವರಿಗೆ ಹೋಗಿ ಬರುತ್ತಾರೆ. ಇದನ್ನು ತಂಡವೇ ಚಿಕಿತ್ಸೆಯ ಚೀಟಿಯಲ್ಲಿ ಬರೆದುಕೊಟ್ಟಿತು, ಇಲ್ಲದಿದ್ದರೆ ಮನೆಯಲ್ಲಿ ಒಪ್ಪುತ್ತಿರಲಿಲ್ಲ.

ಮಗಳ ಮದುವೆ ಗೊತ್ತಾಗಿದೆ. ಸೀರೆ ಮಲ್ಲಪ್ಪನವರೇ ನೇಯ್ದದ್ದು. ನೇಯ್ದದ್ದು ಅವರಿಗೆ ನೆನಪಿಲ್ಲ. ಬಿಚ್ಚಿ ಕೈಗೆ ಕೊಟ್ಟಾಗ ಅಂಚನ್ನು ಬೆಳಕಿಗೆ ಹಿಡಿದು, ಬಡಿತದ ಒತ್ತು ನೋಡಿ, "ಇದು ನನ್ನ ಕೈ ಅಲ್ಲೇನು?" ಎಂದರು.

ಮದುವೆಯ ಹತ್ತು ದಿನ ಮಗ್ಗ ನಿಲ್ಲುತ್ತದೆ, ಮನೆ ತುಂಬ ಜನ, ಸಾಮಾನು ಆಚೀಚೆ. ಅದಕ್ಕೆ ಈಗಲೇ ಏರ್ಪಾಟು ಆಗಿದೆ: ಡಬ್ಬಿ, ಫೋಟೊ, ಕಪಾಟು ಈ ಮೂರನ್ನು ಯಾರೂ ಮುಟ್ಟುವುದಿಲ್ಲ, ನೆಲದ ಕೆಂಪು ಪಟ್ಟೆಯ ಮೇಲೆ ಚಾಪೆ ಹಾಸುವುದಿಲ್ಲ, ಮಗ್ಗ ನಿಂತರೂ ಮುಂಜಾನೆ ವಿಭೂತಿ ಹಚ್ಚಿ ಅರ್ಧ ಗಂಟೆ ಕಂಡಿಕೆ ಸುತ್ತುವುದು ನಡೆಯುತ್ತದೆ. ಮದುವೆ ಮುಗಿದ ಮರುದಿನ ಮಗಳ ಮದುವೆಯ ಫೋಟೊ ಅಜ್ಜನ ಫೋಟೊದ ಪಕ್ಕಕ್ಕೆ, ಅದೇ ಎತ್ತರಕ್ಕೆ ಬರುತ್ತದೆ. ಮೊಳೆಯನ್ನು ತಮ್ಮ ಆಗಲೇ ಹೊಡೆದಿಟ್ಟಿದ್ದಾರೆ.